ಕೊನೆಯ ರೀಲಿನ ಗಂಟೆ

ಸಂಜೆಯ ಆಟದ ನಡುವೆ ಕರೆಂಟು ಹೋಯಿತು. ಹೊರಗೆ ಜಡಿಮಳೆ. ಹಳೆಯ ಉಪ್ಪಿನ ಉಗ್ರಾಣವನ್ನೇ ಚಿತ್ರಮಂದಿರ ಮಾಡಿದ ಕಟ್ಟಡವದು. ಮಳೆ ಬಂದರೆ ಗೋಡೆಗಳು ಈಗಲೂ ಬೆವರುತ್ತವೆ. ಹೋಗಲೂ ಆಗದೆ ಕೂರಲೂ ಆಗದೆ ನಾವು ಹತ್ತು ಮಂದಿ ಚಡಪಡಿಸುತ್ತಿದ್ದೆವು. ಐವತ್ತು ವರ್ಷ ಇಲ್ಲಿ ಪ್ರೊಜೆಕ್ಟರ್ ನಡೆಸಿದ ಆಪರೇಟರ್ ಅಜ್ಜ ಮೇಣದಬತ್ತಿ ಹಿಡಿದು ಬಂದು ಮುಂದಿನ ಸಾಲಿನಲ್ಲಿ ಕೂತರು.

"ಅದೇನು ಒಂದೇ ಸಮ ಮಿಸುಕಾಡ್ತೀರಿ, ಕುರ್ಚೀಲಿ ಮುಳ್ಳಿದೆಯಾ? ಕೂತ್ಕೊಳ್ಳಿ. ಹೆಂಡತಿ ಮಕ್ಕಳಿಗೂ ಹೇಳದ್ದೊಂದು ಹೇಳ್ತೀನಿ...

ಆಗ ಒಂದು ಚಿತ್ರ ಅಂದ್ರೆ ಹದಿನಾಲ್ಕು ರೀಲು. ಟಿಕೆಟ್ ಇಲ್ಲದೋರು ನುಸುಳ್ತಾರೆ ಅಂತ ಆ ಪಕ್ಕದ ಬಾಗಿಲಿಗೆ ಹೊರಗಿಂದ ಚಿಲಕ ಹಾಕೋರು. ಗೇಟ್‌ಕೀಪರ್ ನಮ್ಮಣ್ಣ. ನಾನು ಕೊನೇ ರೀಲು ಹಾಕಿ ಗಂಟೆ ಹೊಡೀಬೇಕು, ಅವನು ಬೀದಿಯಾಚೆ ಟೀ ಅಂಗಡಿಯಿಂದ ಎದ್ದು ಬಂದು ಚಿಲಕ ತೆಗೀಬೇಕು, ಅದು ಪದ್ಧತಿ. ಅತ್ತಿಗೆ ವಾರವಾರ ಬಂದು ಆ ಬಾಗಿಲ ಪಕ್ಕಾನೇ ಕೂರೋರು, ಆಟ ಮುಗಿದ ಕೂಡಲೇ ಗಂಡನ ಜೊತೆ ಮನೆಗೆ ಹೋಗಬಹುದಲ್ಲ ಅಂತ.

ಒಂದಿನ ಹದಿಮೂರನೇ ರೀಲಿನ ಜಾಗಕ್ಕೆ ಹದಿನಾಲ್ಕನೇದು ಹಾಕಿಬಿಟ್ಟೆ. ಕೈ ಅಭ್ಯಾಸ ನೋಡಿ, ಗಂಟೆನೂ ಹೊಡೆದೆ. ತೆರೆ ಮೇಲೆ ಸತ್ತೋನು ಯಾರು, ಕೊಂದೋನು ಯಾರು ಒಂದೂ ತಿಳೀದೆ ಜನ ಕೂಗಾಡಿದರು. ರೀಲು ಬದಲಾಯಿಸಿದೆ. ಗಂಟೆ ಕೇಳಿ ಬಂದು ಬಾಗಿಲು ತೆಗೆದಿದ್ದ ಅಣ್ಣ ಮತ್ತೆ ಚಿಲಕ ಹಾಕಿ ಅಂಗಡಿಗೆ ಹೋದ. ಆಮೇಲೆ ನಿಜವಾದ ಕೊನೇ ರೀಲು ಬಂತು... ಇನ್ನೊಂದು ಸಲ ಗಂಟೆ ಹೊಡೆದರೆ ನನ್ನ ಎಡವಟ್ಟು ಮಾಲೀಕರ ಕಿವಿಗೆ ಬೀಳ್ತದೆ ಅಂತ ಹೊಡೀಲಿಲ್ಲ. ಹೊಡೀಲಿಲ್ಲ ಕಣ್ರಪ್ಪಾ!

ಆಟ ಮುಗಿಯೋ ಹೊತ್ತಿಗೆ ಮುಂಬಾಗಿಲ ಪರದೆಗೆ ಬೆಂಕಿ ಹತ್ತಿತು. ಜನ ಅದನ್ನೇ ದಾಟಿಕೊಂಡು ಓಡಿದರು. ಅತ್ತಿಗೆ ಮಾತ್ರ ಓಡಲಿಲ್ಲ. ಗಂಡ ತೆಗೆದೇ ತೆಗೀತಾನೆ ಅಂತ ಆ ಪಕ್ಕದ ಬಾಗಿಲು ಬಡೀತಾ ಬಡೀತಾ ಹೊಗೆಯಲ್ಲೇ ಹೋಗಿಬಿಟ್ಟರು.

ಅಣ್ಣ ಬಂದು ಕೇಳಿದ್ದು ಒಂದೇ ಮಾತು: 'ಗಂಟೆ ಹೊಡೆದಿದ್ಯೇನೋ?' 'ಹೊಡೆದಿದ್ದೆ ಅಣ್ಣ' ಅಂದೆ. ಅವನು ನಂಬಿದ. ನನಗೇ ಕೇಳಿಸಲಿಲ್ಲ, ಈ ಹಾಳು ಕಿವಿ ಅಂತ ಜೀವಮಾನವೆಲ್ಲ ತನ್ನನ್ನೇ ಶಪಿಸಿಕೊಂಡ. ಅಂದಿನಿಂದ ಪ್ರತಿ ಆಟದ ಕೊನೇಲಿ ಒಳಗಿನಿಂದ ಬಾಗಿಲು ಬಡಿಯೋ ಸದ್ದು... ಅವನು ಓಡಿ ಬಂದು ತೆಗೀತಿದ್ದ. ಯಾರು ಇರ್ತಾರೆ? ಎಷ್ಟು ವರ್ಷ, ಹೇಳಿ! ನಾಲಿಗೆ ತುದಿಗೆ ಬಂದದ್ದನ್ನ ನಾನು ನುಂಗಿಕೊಂಡೇ ಇದ್ದೆ. ಮಾಲೀಕರು ಚಿಲಕವನ್ನೇ ಕಿತ್ತು ಒಳಗಡೆ ಹಾಕಿಸಿದರು.

ಹೋದ ವರ್ಷ ಅಣ್ಣ ತೀರಿಕೊಂಡ. ಒಳಗಿನ ಸದ್ದು ನಿಂತಿತು. ಅತ್ತಿಗೆ ಅವನಿಗೆ ಸಿಕ್ಕಿರಬೇಕು, ಕೊನೇ ಗಂಟೆ ಹೊಡೀಲೇ ಇಲ್ಲ ಅಂತ ಹೇಳಿರಬೇಕು...

ಈಗ ಆ ಬಾಗಿಲ ಮೇಲೆ ಕೇಳಿಸ್ತಿರೋ ಸದ್ದು ಮಳೆ ಅಂದ್ಕೊಂಡ್ರಾ? ಆ ಕಡೆ ಇರಚಲು ಹೊಡೆಯೋದೇ ಇಲ್ಲ. ಅಣ್ಣ ಹೊರಗೆ ನಿಂತು ಬಡೀತಿದ್ದಾನೆ, ಒಂದು ವರ್ಷದಿಂದ. ತೆಗೆದು, ಇಲ್ಲ ಅಣ್ಣ, ಹೊಡೀಲಿಲ್ಲ ಅಂತ ಹೇಳಬೇಕು ನಾನು. ಒಬ್ಬನೇ ಹೋಗೋಕೆ ಧೈರ್ಯ ಇಲ್ಲ... ಯಾರಾದ್ರೂ ಜೊತೇಲಿ ಬರ್ತೀರಾ?"