ಮಾಳಿಗೆ ಏರಿದ ವಾಚನಾಲಯ

ಲಡಾಯಿ ನಡೆದಿದ್ದ ವರ್ಷ. ಯಮಕನಮರಡಿಯಲ್ಲಿ ನಾನು ಮೋಟಾರಿಗೆ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿ ಕಾಶೆವ್ವ ಎಂಬ ಮುದುಕಿ, ಊರ ವಾಚನಾಲಯ ನೋಡಿಕೊಳ್ಳುವ ಸೋಮಪ್ಪನನ್ನು ಅಡ್ಡಗಟ್ಟಿ ನಿಂತಿದ್ದಳು.

“ವಾಚನಾಲಯ ಮಾಳಿಗಿಗಿ ಯಾಕ ಒಯ್ದಿ, ತಮ್ಮಾ?”

“ಕೆಳಗ ಧೂಳ, ಗದ್ದಲ. ಮ್ಯಾಲ ಗಾಳಿ ಬೆಳಕ ಚಲೋ ಐತ್ರಿ, ಆಯಿ.”

“ಗಾಳಿ ಬಂದು ಓದತೈತೇನು? ನನ್ನ ಮೊಣಕಾಲ ಆ ಪಾವಟಿಗಿ ಏರೂದಿಲ್ಲ.”

“ನಿಮಗ ಓದಾಕರ ಎಲ್ಲಿ ಬರತೈತ್ರಿ?”

“ಕೇಳಾಕ ಬರತೈತಿ! ದಿನಾ ಯಾರರ ಪೇಪರ ಓದತಿದ್ರು, ಮುದುಕರೆಲ್ಲಾ ಕಟ್ಟಿ ಮ್ಯಾಲ ಕುಂತು ಕೇಳತಿದ್ವಿ.”

“ಇನ್ನ ಜೋರ್ಲೆ ಓದೂದು ಬಂದ್, ಆಯಿ. ‘ಶಾಂತತೆ’ ಅನ್ನೂ ಬೋರ್ಡ್ ತರಾಕನ ಹುಕ್ಕೇರಿಗೆ ಹೊಂಟೇನಿ.”

“ನನ್ನ ಮಗ ದಂಡಿನ್ಯಾಗ ಅದಾನ. ಲಡಾಯಿ ಸುದ್ದಿ ನನಗ ಯಾರು ಹೇಳಬೇಕು? ನಿನ್ನ ಬೋರ್ಡ?”

ಮೋಟಾರು ಬಂತು. ಸೋಮಪ್ಪ ಹತ್ತಿ, ಬಗ್ಗಿ ಅವಳತ್ತ ಕೈ ಚಾಚಿದ.

“ಹಿಡೀರಿ ಆಯಿ, ಪಾವಟಿಗಿ ಎತ್ತರ ಐತಿ.”

“ನಾ ಎಲ್ಲಿಗೂ ಹೋಗಾಕಿ ಅಲ್ಲ. ನಿನ್ನ ತಡಿಯಾಕ ಬಂದೇನಿ. ಕೆಳಗ ಇಳಿ.”

ಅವನು ಇಳಿದ, ನಾನು ಹತ್ತಿ ಕುಳಿತೆ. ಮೋಟಾರು ಹೊರಟಾಗ ತಿರುಗಿ ನೋಡಿದೆ. ಇಬ್ಬರೂ ಜಗಳಾಡುತ್ತಲೇ ಊರ ಕಡೆ ನಡೆದಿದ್ದರು, ಅವಳ ಕಾಲಿನ ವೇಗದಲ್ಲಿ.