ಮೂರನೇ ಸಾಲಿಂದ ನಾಲ್ಕನೇ ಸಾಲಿಗೆ

…ಸುಟ್ಟೋಯ್ತು ಕಣಮ್ಮ ಬಿಂದು, ಇನ್ನೇನ್ ಹೇಳ್ಲಿ. ಕೂತ್ಕೋ ಮೊದ್ಲು. ನಮ್ಮನೆಯವಳು, ಪಂಕಜ, ಹಬ್ಬಕ್ಕೆ ಮನೆ ಗುಡಿಸ್ತಾ ಹಳೇ ಆನ್ಸರ್ ಪೇಪರ್ ಜೊತೆ ನಿನ್ನ ನೋಟ್‌ಬುಕ್ಕನ್ನೂ ಬಚ್ಚಲೊಲೆಗೆ ಹಾಕ್ಬಿಟ್ಲು. ನಾನಿನ್ನೂ ತೆಗೆದೂ ನೋಡಿರ್ಲಿಲ್ಲ. ಮಂಡಿಕಲ್ಲಿಂದ ಬಸ್ಸಲ್ಲಿ ಬಂದು, ಒಂದ್ಸಲ ನೋಡಿ ಸಾರ್ ಅಂತ ಕೈಗಿಟ್ಟು ಹೋಗಿದ್ದೆ…

ಯಾಕೆ ನಗ್ತೀಯ? ಓ, ಅದಾ. ಹೌದಲ್ಲ, ನೀನೇ ಹೇಳ್ತಿದ್ದೆ. ಬ್ಲ್ಯಾಕ್ ಹೋಲಿಗೆ ಬಿದ್ದ ಪುಸ್ತಕದ ಮಾಹಿತಿ ಕೂಡ ನಾಶ ಆಗಲ್ಲ, ಅದು ಕರಗ್ತಾ ಕರಗ್ತಾ ಬಿಡೋ ಕಿರಣದಲ್ಲೇ ವಾಪಸ್ ಬರುತ್ತೆ ಅಂತ. ಇನ್ನು ನಮ್ಮ ಬಚ್ಚಲೊಲೆ ಯಾವ ಲೆಕ್ಕ. ಬೂದಿ, ಹೊಗೆ ಎಲ್ಲಾ ಗುಡ್ಡೆ ಹಾಕ್ಕೊಂಡು ಕೂರೋಣ, ಏನಂತೀಯ.

ತಮಾಷೆಗಂದೆ. ನಿನ್ನ ತಲೇಲಿದ್ಯಲ್ಲ, ಸಾಕು. ತಗೋ ಪೆನ್ನು. ಪೂರ್ತಿ ಬೇಡ. ತಿರುಗೋ ಬ್ಲ್ಯಾಕ್ ಹೋಲಿಂದ ಮಾಹಿತಿ ಯಾವಾಗ ಹೊರಗೆ ಬರಕ್ಕೆ ಶುರುವಾಗುತ್ತೆ ಅಂತ ಲೆಕ್ಕ ಹಾಕಿದೀಯಲ್ಲ, ಅದರಲ್ಲಿ ಮೂರನೇ ಸಾಲಿಂದ ನಾಲ್ಕನೇ ಸಾಲಿಗೆ ಬರೋವಾಗ ಸಮೀಕರಣದ ಒಂದು ಪದ ಬಿಟ್ಟಿದೀಯ. ಯಾಕೆ ಬಿಡಬಹುದು ಅಂತ, ಅಷ್ಟು ಬರ್ದುಕೊಡು.

ಯಾಕೆ ಪೆನ್ನು ಕೆಳಗಿಟ್ಟೆ?

ನೋಡಿಲ್ಲ ಅಂದೆ, ನಿಜ… ಸುಮ್ನೆ ಕಣ್ಣಾಡಿಸಿದ್ದೆ. ಒಂದೆರಡು ಪುಟ. ಹಂಗ್ ನೋಡ್ಬೇಡಮ್ಮ.

ಗೋಡೆ ಮೇಲಿನ ಫೋಟೋನಾ? ಕಾಲೇಜಲ್ಲಿ ಸನ್ಮಾನ ಮಾಡಿದ್ದು. ನಿಮ್ಮ ಲೇಖನ ನಮಗೆ ತಲುಪಿದೆ ಅಂತ ಜರ್ನಲ್‌ನವರು ಈಮೇಲ್ ಹಾಕಿದ್ರು. ತಲುಪಿದೆ ಅಂದ್ರೆ ತಲುಪಿದೆ, ಅಷ್ಟೇ. ಪ್ರಿನ್ಸಿಪಾಲ್ರು ಅಚ್ಚೇ ಆಗೋಯ್ತು ಅಂದ್ಕೊಂಡ್ರು. ಚಿಕ್ಕಬಳ್ಳಾಪುರ ಜಿಲ್ಲೆ ಆಗಿ ಆಗಿನ್ನೂ ಆರು ತಿಂಗಳು, ಹೊಸ ಜಿಲ್ಲೆಯ ಮೊದಲ ವಿಜ್ಞಾನಿ ದಕ್ಷಿಣಾಮೂರ್ತಿಯವರು ಅಂತ ಬ್ಯಾನರ್ ಬೇರೆ. ಬೇಡ ಅನ್ನೋಷ್ಟರಲ್ಲಿ ಹಾರ ಕುತ್ತಿಗೇಲಿತ್ತು.

ಹೂಂ, ಆ ಲೇಖನದಲ್ಲಿರೋದು ನಿನ್ನ ಲೆಕ್ಕವೇ. ಇಪ್ಪತ್ತಾರು ವರ್ಷ ಅದೇ ಲೋಲಕ, ಅದೇ ಲೆನ್ಸು ಪಾಠ ಮಾಡಿದೀನಿ ಬಿಂದು. ಒಂದೇ ಒಂದು ಲೇಖನ ಇರ್ಲಿ ಅಂತ ಆಸೆ ಬಿತ್ತು. ಈಗ ಜರ್ನಲ್‌ನವರು ಕೇಳ್ತಿದಾರೆ, ಆ ಪದ ಯಾಕೆ ಬಿಟ್ರಿ ಅಂತ. ಎರಡು ತಿಂಗಳಿಂದ ಒದ್ದಾಡ್ತಿದೀನಿ, ನನಗೆ ಬಗೆಹರೀತಿಲ್ಲ. ಉತ್ತರ ಬರೆಯೋಕಾಗ್ತಿಲ್ಲ. ಲೇಖನ ವಾಪಸ್ ತಗೊಂಡ್ರೆ ಊರಿಗೆ ಮುಖ ತೋರ್ಸೋಕಾಗಲ್ಲ. ಸೋಮವಾರ ಕೊನೇ ದಿನ. ನೀನು ಬಿಟ್ರೆ ನನಗೆ ದಾರಿ ಇಲ್ಲ.

ನಿನ್ನ ಹೆಸರೂ ಹಾಕಿದೀನಿ ಕಣಮ್ಮ. ನನ್ನ ಪಕ್ಕದಲ್ಲೇ ಇದೆ. ನಿಮ್ಮಪ್ಪ ಲಕ್ಷ್ಮಯ್ಯನವರಿಗೂ ತೋರಿಸಬಹುದು, ಮಗಳ ಹೆಸರು ಅಚ್ಚಲ್ಲಿ…

ಬೈದಾದ್ರೂ ಬೈಯಿ.

ಎಲ್ಲಿಗೆ ಎದ್ದೆ? ಬಸ್ಸು ನಾಲ್ಕೂವರೆಗೆ ಇರೋದು. ಹಾಳೆ ಖಾಲಿ ಇದೆಯಲ್ಲಮ್ಮ…

ಇಲ್ಲ. ನಿನ್ನ ಹೆಸರು ಹಾಕಿಲ್ಲ. ಟೈಪ್ ಮಾಡಿದ್ದೆ ಬಿಂದು, ನಿಜವಾಗ್ಲೂ ಮಾಡಿದ್ದೆ. ಆಮೇಲೆ ನಾನೇ ಅಳಿಸ್ದೆ.