ಓವನ್ನಿನ ಹಣೆಗೆ ಇಟ್ಟ ಕುಂಕುಮ

ತಾಯಂದಿರೇ, ಅಣ್ಣತಮ್ಮಂದಿರೇ, ಕೋಪದ ವಿಷಯ ಮಾತಾಡ್ತಾ ಇದ್ವಿ. ಇಲ್ಲೊಂದು ಕಥೆ ಹೇಳಬೇಕು. ಕಟ್ಟುಕಥೆ ಅಲ್ಲ, ನಡೆದದ್ದು. ಹೆಸರು ಮಾತ್ರ ಕೇಳಬೇಡಿ, ಹೇಳಲ್ಲ ಅಂತ ಮಾತು ಕೊಟ್ಟಿದ್ದೇನೆ.

ಒಬ್ಬ ಶ್ರೀಮಂತ. ಎಂಥ ಶ್ರೀಮಂತ? ನಾವೆಲ್ಲ ಅಡುಗೆಮನೆ ಗೋಡೆಗೆ ಕ್ಯಾಲೆಂಡರ್ ತೂಗುಹಾಕ್ತೀವಿ. ಆತ ಗೋಡೆಗೇ ಒಂದು ಹೊಟ್ಟೆ ಕೊರೆಸಿ, ಅದರೊಳಗೆ ಕರೆಂಟಿನ ಓವನ್ ಕೂರಿಸಿದ್ದ. ಗಾಜಿನ ಬಾಗಿಲು, ಅದರ ಮೇಲೆ ಅಂಕಿ ಬೆಳಗುವ ಪುಟ್ಟ ಗಡಿಯಾರ. ಆ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಡುಗೆಗಿದ್ದ ಒಬ್ಬ ತಾಯಿ. ಅವನ ಮಕ್ಕಳಿಗೆಲ್ಲ ಮೊದಲ ತುತ್ತು ಕಲಸಿದ ಕೈ ಅದು.

ಆಯುಧಪೂಜೆ ಬಂತು. ನಾವು ಬಿಡ್ತೀವಾ? ಕಾರಿಗೆ ಪೂಜೆ, ಮಿಕ್ಸಿಗೆ ಪೂಜೆ, ಇಸ್ತ್ರಿಪೆಟ್ಟಿಗೆಗೂ ಪೂಜೆ. ಶ್ರೀಮಂತ ಸ್ವಂತ ಕೈಯಿಂದ ಓವನ್ನಿನ ಹಣೆಗೆ ಮೂರು ಬೆರಳು ವಿಭೂತಿ ಬಳಿದು, ನಡುವೆ ಅಗಲವಾಗಿ ಕುಂಕುಮ ಇಟ್ಟ. ಓವನ್ನಿಗೆ ಹಣೆ ಎಲ್ಲಿ ಅಂತೀರಾ? ನೋಡಿ, ಆ ಗಡಿಯಾರವೇ ಹಣೆ! "ಇದನ್ನ ಯಾರೂ ಒರೆಸಕೂಡದು" ಅಂತ ಅಪ್ಪಣೆಯೂ ಆಯ್ತು.

ಮಾರನೇ ದಿನ ಮೂರು ಗಂಟೆ ಕರೆಂಟು ಹೋಗಿ ಬಂತು. ಅದರ ಮಾರನೇ ದಿನ ಮೊಮ್ಮಗಳ ಹುಟ್ಟುಹಬ್ಬ. ಅಡುಗೆಯಮ್ಮ ಕೇಕಿಗೆ ಹಿಟ್ಟು ಕಲಸಿ, ಒಳಗಿಟ್ಟು, ಗುಂಡಿ ತಿರುಗಿಸಿದರು. ಅರ್ಧ ಗಂಟೆ ಆಯ್ತು. ಮುಕ್ಕಾಲು ಗಂಟೆ ಆಯ್ತು. ಒಳಗೆ ದೀಪ ಇದೆ, ಕಾವಿಲ್ಲ. ಹಿಟ್ಟು ಹಿಟ್ಟಾಗೇ ಕೂತಿದೆ.

ಶ್ರೀಮಂತ ಬಂದ. ದನಿ ಹೇಗೆ ಬಂತು ಗೊತ್ತಾ? ಬಸ್‌ಸ್ಟ್ಯಾಂಡಿನ ಮೈಕಿನ ಹಾಗೆ! "ಏನಮ್ಮಾ ಸುರಿದ್ರಿ ಅದರೊಳಗೆ?"

"ಏನೂ ಇಲ್ಲ ಯಜಮಾನ್ರೇ. ಒದ್ದೆಬಟ್ಟೇಲಿ ಒಳಗೆ ಒರೆಸಿದ್ದೆ, ಅಷ್ಟೇ."

"ಅದಕ್ಕೇ! ಕರೆಂಟಿನ ಸಾಮಾನಿಗೆ ಒದ್ದೆಬಟ್ಟೆ! ನಾಳೆಯಿಂದ ನೀವು ಬರೋದೇ ಬೇಡ."

ಇಪ್ಪತ್ತೆರಡು ವರ್ಷ ಒಂದು ಒದ್ದೆಬಟ್ಟೆಯಲ್ಲಿ ಒರೆಸಿಹೋಯ್ತು, ನೋಡಿ. ಆ ತಾಯಿ ಕಿಟಕಿ ಮೇಲಿದ್ದ ಕನ್ನಡಕ, ಎಲೆಅಡಿಕೆ ಡಬ್ಬಿ ಎರಡನ್ನೂ ಚೀಲಕ್ಕೆ ಹಾಕಿಕೊಂಡರು.

ಅಷ್ಟರಲ್ಲಿ, ಕರೆಸಿದ್ದ ರಿಪೇರಿಯವನು ಬಂದ. ಬೈಗುಳವೆಲ್ಲ ಅವನಿಗೆ ಬಾಗಿಲಲ್ಲೇ ಕೇಳಿಸಿತ್ತು. ಮೇನ್ ಸ್ವಿಚ್ ನೋಡಿದ, ಸರಿ ಇದೆ. ಬಾಗಿಲಲ್ಲಿ ಒಂದು ಚೂರು ಕಾಗದ ಸಿಕ್ಕಿಸಿ ಎಳೆದ, ಜಾರಲಿಲ್ಲ, ರಬ್ಬರ್ ಸರಿ ಇದೆ. ಸ್ಕ್ರೂ ಬಿಚ್ಚಿ ಇಡೀ ಪೆಟ್ಟಿಗೆಯನ್ನ ಗೋಡೆಯಿಂದ ಎಳೆದು ಕಾಯಿಲ್‌ಗೆ ಮೀಟರ್ ಹಿಡಿದ. ಅದೂ ಸರಿ ಇದೆ. ಎಲ್ಲ ಸರಿ ಇದೆ, ಕಾವಿಲ್ಲ! ಕೊನೆಗೆ ಎದುರು ನಿಂತು ಅದರ ಮುಖ ನೋಡಿದ. ಕುಂಕುಮದ ಹಿಂದೆ ಏನೋ ಮಿಣುಕ್, ಮಿಣುಕ್. ಹೆಬ್ಬೆರಳಲ್ಲಿ ಒಂದು ಮೂಲೆ ಒರೆಸಿದ. ನಾಲ್ಕು ಸೊನ್ನೆ!

ಕೆಲವು ಓವನ್‌ಗಳ ಸ್ವಭಾವ ಹಾಗೆ. ಕರೆಂಟು ಹೋಗಿ ಬಂದರೆ ಗಡಿಯಾರ ಸೊನ್ನೆಯಾಗುತ್ತೆ. ಈಗ ಗಂಟೆ ಎಷ್ಟು ಅಂತ ನಾವು ಹೇಳೋತನಕ ಅದು ಬಿಸಿಯಾಗೋದಿಲ್ಲ. ಪಾಪ, ಹಿಂದಿನ ದಿನದಿಂದ ಕಣ್ಣು ಮಿಟುಕಿಸಿ ಕೇಳ್ತಾನೇ ಇದೆ. ಕಾಣಬೇಕಲ್ಲ!

ರಿಪೇರಿಯವನು ತುಂಟ. ಚೀಲ ಹಿಡಿದು ನಿಂತ ತಾಯಿಯನ್ನ ನೋಡಿದ, ಶ್ರೀಮಂತನನ್ನ ನೋಡಿದ. ಮುಖ ಗಂಭೀರ ಮಾಡಿಕೊಂಡು ಹೇಳಿದ: "ಸಾರ್, ಕಂಪ್ಲೇಂಟ್ ಸಿಕ್ತು. ಇದು ಬೈಗುಳ ಕೇಳಿ ಮುನಿಸ್ಕೊಂಡಿದೆ. ಹೊಸ ಮಾಡೆಲ್ ಅಲ್ವಾ, ಮಾತು ಅರ್ಥ ಆಗುತ್ತೆ. ನೀವೇ ಕೈಮುಗಿದು ತಪ್ಪಾಯ್ತು ಅನ್ನಬೇಕು."

ಅಂದನಾ ಇಲ್ಲವಾ? ಮನೆ ತುಂಬ ನೆಂಟರು, ಕೇಕ್ ಆಗಬೇಕು. ಅಂದ! ಸೊಂಟ ಬಗ್ಗಿಸಿ, ಗಾಜಿಗೆ ಮೂಗು ತಾಗಿಸಿ, "ತಪ್ಪಾಯ್ತಪ್ಪಾ, ದುಡುಕಿಬಿಟ್ಟೆ" ಅಂದ.

"ಜೋರಾಗಿ ಸಾರ್, ಗಾಜು ದಪ್ಪ."

"ತಪ್ಪಾಯ್ತೂ! ವಿಚಾರಿಸದೇ ಬೈದೆ!"

ರಿಪೇರಿಯವನು ಮೆಲ್ಲಗೆ ಎರಡು ಗುಂಡಿ ಒತ್ತಿ ಗಂಟೆ ಹೇಳಿದ. ಕಾಯಿಲ್ ಕೆಂಪಗಾಯ್ತು. "ಸಾರ್, ಅದಕ್ಕೆ ಬೇಕಿದ್ದದ್ದು ಟೈಮು. ಈ ತಪ್ಪಾಯ್ತು ಅನ್ನೋದು ನಿಮ್ಮ ಬೆನ್ನ ಹಿಂದೆ ನಿಂತೋರಿಗೆ ಸೇರಬೇಕಿತ್ತು."

ಆತ ತಿರುಗಿ ನೋಡಿದ. ಅಡುಗೆಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾರೆ. ಅದು ಅಳುವೋ ನಗುವೋ ತಿಳೀತಿಲ್ಲ.

ಕಥೆ ಅಲ್ಲೇ ಇರಲಿ. ಈಗ ನಿಮ್ಮ ಮನೆಗೆ ಬರ್ತೀನಿ. ಅಮ್ಮನ ಕಾಲಿಗೆ ಬೀಳ್ತೀರಿ, ಸರಿ. ಆ ಮುಖ ನೋಡಿ ಎಷ್ಟು ದಿನ ಆಯ್ತು? ಹೆಂಡತಿ ಸಪ್ಪಗಿದ್ದಾಳೆ, ಗಂಡ ಮಾತಾಡ್ತಿಲ್ಲ, ಮಗ ತಟ್ಟೆ ಬಿಟ್ಟು ಎದ್ದ. "ಕೆಟ್ಟುಹೋಗಿದ್ದಾನೆ" ಅಂತ ಕೂಗ್ತೀರಿ. ಕೆಟ್ಟಿಲ್ಲ ಕಣ್ರೀ! ಯಾವಾಗಲೋ ಒಳಗೆ ಒಂದು ಕರೆಂಟು ಹೋಗಿ ಬಂದಿದೆ, ಕಣ್ಣು ಮಿಟುಕಿಸ್ತಾ ಇದ್ದಾರೆ, ನೀವು ನೋಡಿಲ್ಲ. ಇವತ್ತು ಮನೆಗೆ ಹೋದ ಮೇಲೆ, ಬೈಯೋದಕ್ಕೆ ಬಾಯಿ ತೆರೆಯೋ ಮುಂಚೆ ಎದುರು ನಿಂತು ಒಮ್ಮೆ ಮುಖ ನೋಡಿ. "ಏನಾಯ್ತು? ಊಟ ಆಯ್ತಾ?" ಅಂತ ಕೇಳಿ. ತಪ್ಪು ನಿಮ್ಮದಾಗಿದ್ದರೆ ಗೋಡೆಗೆ ಹೇಳಬೇಡಿ, ಆ ಮನುಷ್ಯರಿಗೇ ಹೇಳಿ.

ಆ ಶ್ರೀಮಂತ ಹೇಳಿದ. ಚೀಲ ತಾನೇ ಇಸಿದುಕೊಂಡು, ಕನ್ನಡಕ, ಡಬ್ಬಿ ಎರಡನ್ನೂ ಕಿಟಕಿ ಮೇಲೆ ಇಟ್ಟ. ಕೇಕಿನ ಮೊದಲ ತುಂಡು ಆ ತಾಯಿಗೇ ಹೋಯ್ತು. ಕುಂಕುಮ ಈಗ ಓವನ್ನಿನ ಪಕ್ಕದ ಗೋಡೆಗಿದೆಯಂತೆ.

ಯಾರಪ್ಪ ಆತ ಅಂತ ಹಿಂದಿನ ಸಾಲಲ್ಲಿ ಗುಸುಗುಸು ಶುರುವಾಗಿದೆ. ಮಾತು ಕೊಟ್ಟಿದ್ದೇನೆ, ನಾನು ಹೇಳಲ್ಲ. ಆದರೆ ಮೊದಲ ಸಾಲಿನಲ್ಲಿ ಹೊಟ್ಟೆ ಹಿಡಿದು, ಕಣ್ಣೊರೆಸಿಕೊಂಡು, ನಿಮ್ಮೆಲ್ಲರಿಗಿಂತ ಜೋರಾಗಿ ಒಬ್ಬರು ನಗ್ತಾ ಇದ್ದಾರಲ್ಲ, ಅವರನ್ನ ಸ್ವಲ್ಪ ಹಿಡ್ಕೊಳ್ಳಿ. ಕುರ್ಚಿಯಿಂದ ಬಿದ್ದಾರು!